ಕಲ್ಲಿಗೆ ಕಿವಿ ಹಚ್ಚುತ್ತಿದ್ದ ಗೈಬುಸಾಬ

ಝಳಕಿಯಿಂದ ಒಬ್ಬ ಮನುಷ್ಯ ಬರುತ್ತಾನೆ, ಕಲ್ಲು ಒಡೆಯುವ ಮೊದಲು ಅದಕ್ಕೆ ಕಿವಿ ಹಚ್ಚಿ ಅರ್ಧ ತಾಸು ಕೂಡುತ್ತಾನೆ ಎಂದು ನಮ್ಮ ಅತ್ತೆ ಹೇಳಿದ ದಿನವೇ ನಾನು ಗೈಬುಸಾಬನ ಹೆಸರು ಮೊದಲು ಕೇಳಿದ್ದು. ಹೇಳುತ್ತ ಹೇಳುತ್ತ ಅತ್ತೆ ಅಳುತ್ತಿದ್ದಳು. ಐವತ್ತಾರನೇ ಇಸವಿ. ಸಾಲೋಟಗಿಯ ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಬೇರೆಯಾಗುವ ಮಾತು ಮುಗಿದಿತ್ತು. ಹೊಲ, ಎತ್ತು, ಕಾಳುಕಡಿ ಎಲ್ಲಾ ಹಂಚಿಯಾಗಿ, ಬಾಗಿಲ ಮುಂದಿನ ಹಾಸುಗಲ್ಲೊಂದು ಉಳಿದಿತ್ತು. ಮಾವನ ಅಪ್ಪ ಮುದ್ದೇಬಿಹಾಳದ ಕಡೆಯಿಂದ ಎಂಟೆತ್ತಿನ ಬಂಡಿಯಲ್ಲಿ ತರಿಸಿದ ಕರಿಯ ಕಲ್ಲು. ನನ್ನ ಗಂಡನೂ ಬಿಡಲೊಲ್ಲ, ಭಾವನೂ ಬಿಡಲೊಲ್ಲ. "ಹಂಗಾರ ಒಡಸ್ರಿ," ಎಂದವಳು ನಾನು. ಆಗ ನನಗೆ ಇಪ್ಪತ್ತೆರಡು. ನನ್ನದೇ ಒಂದು ಒಲೆ ಹೂಡಬೇಕೆಂಬ ಹಂಬಲದ ಮುಂದೆ ಬೇರೇನೂ ಕಾಣುತ್ತಿರಲಿಲ್ಲ.

ಮರುದಿನ ಬಂದ. ಉದ್ದನೆಯ ಆಳು. ಸುತ್ತಿಗೆಯ ಭಾರಕ್ಕೆ ಎಡಹೆಗಲು ಇಳಿದು, ಸುತ್ತಿಗೆ ಇಲ್ಲದಾಗಲೂ ಇದ್ದಂತೆಯೇ ವಾಲಿ ನಡೆಯುವ ನಡಿಗೆ. ಕಲ್ಲಿನ ಪುಡಿ ಕೂತು ಬೂದಿಬಣ್ಣಕ್ಕೆ ತಿರುಗಿದ ಹುಬ್ಬು. ಮೈಮೇಲೆ, ಎಂಥ ಬಿಸಿಲಿದ್ದರೂ, ಒಂದು ಖಾಕಿ ಕೋಟು. ಬಂದವನೇ ಕಲ್ಲಿನ ಮೇಲೆ ಮಗ್ಗುಲಾಗಿ ಕಿವಿ ಹಚ್ಚಿ, ಉಳಿಯ ತುದಿಯಿಂದ ಅಲ್ಲೊಂದು ಇಲ್ಲೊಂದು ಸಣ್ಣಗೆ ಬಡಿದ.

"ಏನಂತೈತೋ ನಮ್ಮ ಕಲ್ಲು?" ಎಂದು ಅತ್ತೆ ಚುಚ್ಚಿದಳು.

"ನಿಮಗಿಂತ ಕಡಿಮಿ ಮಾತಾಡತೈತ್ರಿ, ಅವ್ವಾರ."

ಆ ಕೋಟು, ರಸ್ತೆ ಕೆಲಸಕ್ಕೆ ಬಂದಿದ್ದ ಓವರಸೀಯರ ಸಾಹೇಬ ಬಿಟ್ಟುಹೋದದ್ದಂತೆ. ಕೋಟಿನ ಜೊತೆ ಒಂದು ಇಂಗ್ಲಿಷ್ ಮಾತನ್ನೂ ಅವನು ಬಿಟ್ಟುಹೋಗಿದ್ದ: ಸ್ಪ್ಲಿಟ್. ಹಾಲು ಕೆಟ್ಟರೂ, ಚಪ್ಪಲಿಯ ಉಂಗುಟ ಕಿತ್ತರೂ ಗೈಬುಸಾಬ ಅದನ್ನೇ ಅನ್ನುತ್ತಿದ್ದ. ಚಹ ಕೊಟ್ಟಾಗ ನಾನು ಕೇಳಿದೆ, "ಹಂಗಂದ್ರ ಏನ್ರೀ ಕಾಕಾ?"

"ಯಾರಿಗೆ ಗೊತ್ತು ತಂಗೆವ್ವಾ! ಕಲ್ಲು ಒಡದ್ರೂ ಸಾಹೇಬ ಅದನ್ನ ಅಂತಿದ್ದ, ಕಟಗಿ ಸೀಳಿದ್ರೂ ಅದ, ಆಳು ಎರಡ ಗುಂಪು ಮಾಡಿ ಕಳಿಸಿದ್ರೂ ಅದ. ಕುಂತಾಗ ಪ್ಯಾಂಟು ಹರೀತು, ಆಗೂ ಅದ. ಹೊಟ್ಟಿ ಹಿಡಕೊಂಡು ನಕ್ಕಾಗೂ ಅದ. ಹೆಂಡ್ತಿ ಬಿಟ್ಟು ಹ್ವಾದ್ಲು ಅಂತ ಪತ್ರ ಬಂದಾಗೂ ಅದ ಮಾತು ಅಂದಾ." ಬಸಿಯಲ್ಲಿದ್ದ ಚಹ ಮುಗಿಸಿ ಮತ್ತೆ ಅಂದ: "ಸೀಳಿದ ಕಟಗಿ ಉರೀತೈತಿ, ಒಡದ ಬ್ಯಾಳಿ ಬೇಯತೈತಿ. ಬ್ಯಾರಿ ಆದ ಮನಿ ಏನಾಕೈತಿ, ನೀನ ಹೇಳು."

ನಾನು ನಕ್ಕು ಒಳಗೆ ಹೋದೆ.

ಮನೆ ಬೇರೆಯಾಗುವಲ್ಲಿ ಕಲ್ಲು ಒಡೆಯಲು ಅವನದೊಂದು ಪದ್ಧತಿಯಿತ್ತು. ಸುತ್ತಿಗೆಯ ಏಟಿನಿಂದ ಒಡೆಯುತ್ತಿರಲಿಲ್ಲ. ಸಾಲಾಗಿ ಆರು ತೂತು ಕೊರೆದು, ಒಣಗಿದ ಜಾಲಿಕಟ್ಟಿಗೆಯ ಬೆಣೆಗಳನ್ನು ಬಡಿದು ಕೂಡಿಸುತ್ತಿದ್ದ. ಮೂರು ಬೆಣೆ ಒಂದು ಮನೆಯವು, ಮೂರು ಇನ್ನೊಂದರವು. ಎರಡೂ ಮನೆಯ ಹೆಣ್ಣುಮಕ್ಕಳು ಮೂರು ದಿನ ತಂತಮ್ಮ ಬೆಣೆಗೆ ತಮ್ಮ ಕೊಡದಿಂದಲೇ ನೀರು ಹನಿಸಬೇಕು. ಬೆಣೆ ಉಬ್ಬಿದರೆ ಕಲ್ಲು ತಾನಾಗಿ ಒಡೆಯುತ್ತದೆ. ಒಂದು ಕಡೆಯವರು ಕೈ ಹಿಂದೆಗೆದರೆ ಒಡೆಯುವುದಿಲ್ಲ. ಒಡೆಯದಿದ್ದರೆ ಒಂದು ವರ್ಷ ಯಾರೂ ಬೇರೆಯಾಗುವಂತಿಲ್ಲ, ಅವನಿಗೂ ಕೂಲಿಯಿಲ್ಲ. ಮಸೂತಿ ಎಂಬ ಊರಲ್ಲಿ ಹೀಗೆ ಒಂದು ಕಲ್ಲು ಒಡೆಯದೆ ಉಳಿದು, ಆ ಮನೆ ಇನ್ನೂ ಒಂದಾಗಿದೆಯೆಂದು ಹೇಳುವಾಗ ಅವನ ಮುಖ ನೋಡಬೇಕಿತ್ತು. ಈ ಕರಾರಿಗೆ ಹಿರಿಯರು ಒಪ್ಪಿದರು. ನನ್ನ ನೆಗೆಣ್ಣಿ, ಭಾವನ ಹೆಂಡತಿ ಸಾತವ್ವನೂ ತಲೆಯಾಡಿಸಿದಳು.

ಎರಡನೆಯ ದಿನ ನೋಡಿದರೆ ಸಾತವ್ವನ ಮೂರು ಬೆಣೆಗಳು ಎಲುಬಿನ ಹಾಗೆ ಒಣಗಿದ್ದವು. ಒಂದು ಹನಿ ಹಾಕಿರಲಿಲ್ಲ ಅವಳು. ಗಂಡನಿಗೆ ಎದುರಾಡಲಾರದ ಹೆಂಗಸು ಹೀಗೆ ಬೇಡವೆಂದಿದ್ದಳು, ಅದು ನನಗೆ ಚೆನ್ನಾಗಿ ತಿಳಿದಿತ್ತು. ಆಕೆ ಬುತ್ತಿ ಹೊತ್ತು ಹೊಲಕ್ಕೆ ಹೋದ ಹೊತ್ತು ನೋಡಿ, ನನ್ನ ತಂಬಿಗೆಯ ನೀರನ್ನು ಅವಳ ಬೆಣೆಗಳಿಗೆ ಸುರಿದೆ. ಸಂಜೆಗೆ ಮತ್ತೊಮ್ಮೆ ಸುರಿದೆ.

ಮೂರನೆಯ ಮುಂಜಾನೆ ಕಲ್ಲು ನೇರ ಗೆರೆ ಎಳೆದಂತೆ ಎರಡಾಗಿತ್ತು. ಸಾತವ್ವ ಗೈಬುಸಾಬನ ಕೋಟಿನ ತೋಳು ಹಿಡಿದು ಜಗ್ಗಿದಳು. "ನಾ ನೀರು ಹಾಕೇ ಇಲ್ಲೋ! ನೀನ ಹಾಕೀದಿ, ಕೂಲಿ ಆಸೆಕ್ಕ ನನ್ನ ಮನಿ ಮುರದೀದಿ!" ಅವನು ಬಗ್ಗಿ ಬೆಣೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಸಾಹೇಬನ ಆ ಮಾತೂ ಅವನ ಬಾಯಿಗೆ ಬರಲಿಲ್ಲ. ಹತ್ಯಾರ ಕಟ್ಟಿಕೊಂಡು, ಕೂಲಿ ಕೇಳದೆ, ಎಡಕ್ಕೆ ವಾಲುತ್ತ ಹೋಗಿಬಿಟ್ಟ.

ಸಾತವ್ವನ ಮಾತು ಇಂಡಿ ದಾಟಿ ಸಿಂದಗಿ, ಬಾಗೇವಾಡಿಯವರೆಗೂ ಹೋಯಿತು. ಕಳ್ಳನೀರು ಹಾಕುವವನೆಂದು ಹೆಸರಾಗಿ, ಅವನನ್ನು ಯಾರೂ ಮನೆಗೆ ಕರೆಯದಾದರು. ನಾನು ಬಾಯಿ ಬಿಡಲಿಲ್ಲ. ಹೊಸ ಒಲೆಯ ಮುಂದೆ ಒಬ್ಬಳೇ ಕೂತು ರೊಟ್ಟಿ ಬಡಿಯುವಾಗ ಎಷ್ಟೋ ಸಲ ಬಾಯಿತನಕ ಬಂದದ್ದನ್ನು ನುಂಗಿಕೊಂಡೆ.

ಒಂಬತ್ತು ವರ್ಷದ ಮೇಲೆ ಝಳಕಿಯಲ್ಲಿ ಬಸ್ಸು ಕಾಯುತ್ತಿದ್ದೆ. ರಸ್ತೆಯ ಬದಿ ಗೋಣಿತಟ್ಟಿನ ನೆರಳಲ್ಲಿ ಕೂತು ಜಲ್ಲಿ ಒಡೆಯುತ್ತಿದ್ದ ಮುದುಕನನ್ನು ಇಳಿದ ಹೆಗಲಿನಿಂದ ಗುರುತು ಹಿಡಿದೆ. ಕಲ್ಲಿನ ಪುಡಿ ಎದೆಗಿಳಿದು ಕೆಮ್ಮು ಹತ್ತಿತ್ತು. ಅವನ ಮುಂದೆ ಕುಕ್ಕರಗಾಲಲ್ಲಿ ಕೂತು, ಎಲ್ಲಾ ಹೇಳಿದೆ.

"ಅವತ್ತ ಗೊತ್ತಾತು ತಂಗೆವ್ವಾ," ಎಂದ. "ಆಕಿ ಬೆಣಿ ನಿನ್ನ ಬೆಣಿಗಿಂತ ಹೆಚ್ಚು ಉಬ್ಬಿದ್ದುವು. ಅಂಜಿದ ಕೈ ನೀರು ಹೆಚ್ಚ ಸುರುವತೈತಿ."

"ಮತ್ತ ಯಾಕ ಹೇಳಲಿಲ್ರೀ?"

"ಅವತ್ತ ನಿಮ್ಮಿಬ್ಬರ ಗಂಡಂದಿರ ಕೈಯಾಗೂ ಬಡಿಗಿ ಇದ್ದುವು."

"ಇವತ್ತ ಹೋಗಿ ಸಾತವ್ವಗ ಹೇಳತೇನಿ, ಕಾಕಾ. ಊರ ಮುಂದ ಹೇಳತೇನಿ."

"ಈಗ ನೀವಿಬ್ಬರೂ ಮಾತಾಡತೀರೇನು?"

"ಹೂನ್ರಿ. ಹ್ವಾದ ವರ್ಷ ನಮ್ಮವರು ಹಾಸಿಗಿ ಹಿಡದಾಗ ಆಕೀನ ಬಂದು ಸೇವಾ ಮಾಡಿದ್ಲು. ಈಗ ದಿನಾ ಬರ್ತಾಳ."

ಸುತ್ತಿಗೆ ಕೆಳಗಿಟ್ಟು ಬಹಳ ಹೊತ್ತು ಕೆಮ್ಮಿದ. ಮನೆಗಳು ಒಳಗೇ ಬಿರಿದ ಮೇಲೆ ನಾವು ಇಂಥವರನ್ನು ಕರೆಯುತ್ತೇವೆ, ಕೆಲಸವಾದ ಮೇಲೆ ಆ ಬಿರುಕಿಗೆ ಅವರ ಹೆಸರಿಟ್ಟು ನಾವು ಒಳ್ಳೆಯವರಾಗುತ್ತೇವೆ; ಅವರು ಒಡೆಯದೆ ಉಳಿಸಿದ ಮನೆಗಳ ಲೆಕ್ಕ ಯಾವ ಊರಿನಲ್ಲೂ ಇರುವುದಿಲ್ಲ. ಸಾತವ್ವ ಹೋದ ವರ್ಷ ತೀರಿಕೊಂಡಳು. ಅದಕ್ಕೇ ಇದನ್ನು ಈಗ ಬರೆದೆ. ಅಂದು ಬಸ್ಸು ಬಂದು ನಿಂತಾಗ ಗೈಬುಸಾಬ ತಲೆಯೆತ್ತಿ ಕೇಳಿಕೊಂಡದ್ದು ಇಷ್ಟೇ:

"ಆಕಿ ಬರೂದು ನಿಲ್ಲತೈತಿ. ಹೇಳಬ್ಯಾಡವ್ವಾ. ನನ್ನ ಮ್ಯಾಲೇ ಇರಲಿ."