ಮುಚ್ಚಿಟ್ಟ ಹಿಟ್ಟು

ಬೇಕರಿಯಲ್ಲಿ ನಾದಿ ಮುಚ್ಚಿಟ್ಟ ಹಿಟ್ಟಿನ ಬಟ್ಟೆಯನ್ನು ಸೊಸೆ ಮತ್ತೆ ಎತ್ತಿದಳು.

“ಗಳಿಗೆಗೊಮ್ಮೆ ಇಣುಕಿದ್ರೆ ಗಾಳಿ ತಾಗಿ ಉಬ್ಬೋದೇ ಇಲ್ಲ,” ಅತ್ತೆ ಗದರಿದಳು. “ನಂಬಿ ಬಿಟ್ಬಿಡಮ್ಮ.”

“ನಂಬಿಕೆ ಪಾಠ ಹೇಳ್ತಿರೋದು ಯಾರು ನೋಡಿ,” ಸೊಸೆ ನಕ್ಕಳು.

ಚರ್ಚಿನ ಪ್ರಭುಭೋಜನಕ್ಕೆ, ಯೇಸುವಿನ ನೆನಪಲ್ಲಿ ಎಲ್ಲರೂ ಹಂಚಿ ತಿನ್ನುವ ರೊಟ್ಟಿ ಸುಡುವವಳು ಅತ್ತೆಯೇ. ಆದರೆ ಗಂಡ ತೀರಿಕೊಂಡ ಮೇಲೆ ಅದರ ಒಂದು ಚೂರನ್ನೂ ಬಾಯಿಗಿಟ್ಟಿರಲಿಲ್ಲ. ‘ಇದ್ದರೆ ಒಂದು ಗುರುತು ಕೊಡು’ ಎಂದು ಕಣ್ಣು ಮುಚ್ಚಿ ದೇವರನ್ನು ಕೇಳುವಳು, ಕಣ್ಣು ತೆರೆದ ಕೂಡಲೇ ಅದನ್ನು ಹುಡುಕುವಳು, ಸಿಗದೆ ಮುನಿಯುವಳು. ರೊಟ್ಟಿ ಹಂಚುವ ಹೊತ್ತಿಗೆ ಸರಿಯಾಗಿ ಬಾಗಿಲ ಪಕ್ಕದ ಕುರ್ಚಿಯಿಂದೆದ್ದು ಹೊರಗೆ ಜಾರಿಕೊಳ್ಳುವಳು.

ತಾನೂ ಇಷ್ಟು ದಿನ ಸೊಸೆಯ ಹಾಗೇ ಬಟ್ಟೆ ಎತ್ತೆತ್ತಿ ನೋಡುತ್ತಿದ್ದೆನಲ್ಲ ಎಂದು ಈಗ ಹೊಳೆದು ಅತ್ತೆಗೇ ನಗು ಬಂತು. ಒಲೆಯ ಪಕ್ಕದಲ್ಲಿ, ಯಾರೂ ನೋಡದಿರುವಾಗ, ಹಿಟ್ಟು ಸದ್ದಿಲ್ಲದೆ ಉಬ್ಬಿ ಬಟ್ಟೆಯನ್ನು ಮೇಲೆತ್ತಿತ್ತು.

ರೊಟ್ಟಿಯ ಬುಟ್ಟಿ ಹಿಡಿದು ಇಬ್ಬರೂ ಚರ್ಚಿಗೆ ಬಂದರು. ಸೊಸೆ ಎಂದಿನಂತೆ ಬಾಗಿಲ ಪಕ್ಕದ ಕುರ್ಚಿಯನ್ನು ಸೆರಗಿನಿಂದ ಒರೆಸಿದಳು.

“ಬನ್ನಿ ಅತ್ತೆ, ನಿಮ್ಮ ಸಿಂಹಾಸನ. ಎದ್ದು ಓಡೋಕೆ ಸಲೀಸು.”

“ಬೇಡ,” ಎಂದಳು ಅತ್ತೆ, ಮುಂದಿನ ಸಾಲಿನತ್ತ ನಡೆಯುತ್ತ. “ನಾನಲ್ಲಿ ಕೂರಲ್ಲ.”