ರೇಸು ಕೊಟ್ಟ ಕೈ

ಮೇಸ್ತ್ರಿಗೆ ಹೊಸದು ಯಾವುದೂ ಆಗದು ಎಂದರೆ ಅದು ಪೂರ್ತಿ ನಿಜವಲ್ಲ. ಹೊಸ ಚಪ್ಪಲಿ ಆಗುತ್ತಿತ್ತು, ಹೊಸ ಕನ್ನಡಕ ಆಗುತ್ತಿತ್ತು. ಹೊಸ ಗಾಡಿ ಮಾತ್ರ ಕಣ್ಣಿಗೆ ಬಿದ್ದರೆ ಸಾಕು, ಮೂಗು ತಾನಾಗಿ ಸೊಟ್ಟಗಾಗುತ್ತಿತ್ತು. ಮೂವತ್ತೆಂಟು ವರ್ಷ ಮೋಟಾರ್ ಸೈಕಲ್ಲುಗಳ ಹೊಟ್ಟೆ ಬಗೆದು ನೋಡಿದವನು. ಅವನ ಗ್ಯಾರೇಜಿನ ಮುಂದೆ ಒಂದು ಉದ್ದನೆಯ ಬೆಂಚು. ಭಾನುವಾರ ಬೆಳಿಗ್ಗೆ ಅಲ್ಲಿ ಕೂತು ಮೇಸ್ತ್ರಿಯ ಬಾಯಿಂದ ತಮ್ಮ ಗಾಡಿ ಪಾಸಾಯಿತು ಅನ್ನಿಸಿಕೊಳ್ಳದೆ ಆ ಬೀದಿಯ ಸವಾರರಿಗೆ ಸಮಾಧಾನವಿರಲಿಲ್ಲ. ಪಾಸಾದವರು ಕಡಿಮೆ.

ಆ ಭಾನುವಾರ ವಕೀಲರು ಹೊಸ ಪೆಟ್ರೋಲ್ ಗಾಡಿ ತಂದಿದ್ದರು. ಹ್ಯಾಂಡಲಿನ ನಡುವೆ ಅಂಗೈಯಗಲದ ಬಣ್ಣದ ಪರದೆ.

"ಇದೇನ್ ವಕೀಲ್ರೇ, ಗಾಡಿ ತರೋಕೆ ಹೋಗಿ ಟಿವಿ ತಂದ್ರಾ?"

"ಮಳೆಗೆ ಬೇರೆ ಮೋಡು, ಒಣ ರಸ್ತೆಗೆ ಬೇರೆ ಮೋಡು ಇದೆ ಕಣಯ್ಯಾ. ಮಳೆಗೆ ಹಾಕಿದ್ರೆ ತಾನೇ ಮೆತ್ತಗೆ ಹೋಗುತ್ತೆ."

"ಮಳೇಲಿ ಮೆತ್ತಗೆ ಹೋಗು ಅಂತ ಗಾಡಿ ಬುದ್ಧಿ ಹೇಳ್ಬೇಕಾ? ನಿಮ್ಮ ತಲೆ ಇರೋದು ಹೆಲ್ಮೆಟ್ ನೇತುಹಾಕೋಕಾ?"

ಬೆಂಚು ಗೊಳ್ಳೆಂದಿತು. ವಕೀಲರೂ ನಕ್ಕರು. ಕೋರ್ಟಿನಲ್ಲಿ ಯಾರಿಗೂ ಬಿಟ್ಟುಕೊಡದ ಮನುಷ್ಯ, ಇಲ್ಲಿ ಬೈಸಿಕೊಳ್ಳಲೆಂದೇ ಬರುತ್ತಿದ್ದರು. ಮೇಸ್ತ್ರಿ ಟ್ಯಾಂಕನ್ನು ಬೆರಳ ಗೆಣ್ಣಿನಿಂದ ತಟ್ಟಿದ.

"ಪ್ಲಾಸ್ಟಿಕ್ಕು. ಬಿಸಿಲಿಗೆ ನಿಲ್ಲಿಸ್ಬೇಡಿ, ಕರಗಿ ಚರಂಡಿ ಸೇರುತ್ತೆ."

ಕೊರಿಯರ್ ಕೆಲಸದವನು ಬೆಂಚಿನ ತುದಿಯಲ್ಲಿ ಟೀ ಆರಿಸಿಕೊಳ್ಳುತ್ತಿದ್ದ. "ನಂಗಂತೂ ಕರೆಂಟಿನ ಗಾಡಿನೇ ಚೆಂದ ಅನ್ಸುತ್ತೆ ಮೇಸ್ತ್ರಿ. ದಿನಾ ನೂರಿಪ್ಪತ್ತು ಕಿಲೋಮೀಟರು ಓಡ್ಸೋ ನನ್ನ ಸೊಂಟಕ್ಕೆ ಗೊತ್ತು ಕಷ್ಟ. ಅದರಲ್ಲಿ ನಡುಕ ಅನ್ನೋದೇ ಇಲ್ಲ."

"ಅದನ್ನ ಗಾಡಿ ಅಂತ ಕರೀಬೇಡ. ಚಕ್ರ ಇರೋ ಮಿಕ್ಸಿ ಅನ್ನು. ಅಲ್ಲ, ಮಿಕ್ಸಿನಾದ್ರೂ ಸದ್ದು ಮಾಡುತ್ತೆ. ಇದು ಹೆಣ."

ಹೀಗೆನ್ನುವಾಗ ಅವನ ಕಣ್ಣು ಎದುರು ಸಾಲಿನ ಗಾಜಿನ ಶೋರೂಮಿನ ಮೇಲಿತ್ತು. ಅಲ್ಲಿ ಕರೆಂಟಿನ ಗಾಡಿಗಳು ಒಗೆದ ಬಟ್ಟೆಯಂತೆ ಸಾಲಾಗಿ ನಿಂತಿದ್ದವು. ಮೂರು ತಿಂಗಳಿಂದ ಅವನ ಅಕ್ಕನ ಮಗಳು ಅಲ್ಲೇ ಕೆಲಸಕ್ಕೆ ಹೋಗುತ್ತಿದ್ದಳು. ಗಾಡಿ ನೋಡಲು ಬಂದವರಿಗೆ ಓಡಿಸಲು ಕಲಿಸುವ ಕೆಲಸ. ಆರು ವರ್ಷದವಳಿದ್ದಾಗ ಇದೇ ಗ್ಯಾರೇಜಿನ ನೆಲದ ಮೇಲೆ ಕೂತು ನಟ್ಟು ಬೋಲ್ಟುಗಳನ್ನು ಡಬ್ಬಿಗಳಿಗೆ ಆರಿಸಿ ಹಾಕುತ್ತಿದ್ದ ಹುಡುಗಿ. ಅವಳು ಬೀದಿ ದಾಟಿ ಅದೇ ಮಿಕ್ಸಿಗಳ ಪಾಲಾದದ್ದನ್ನು ಮೇಸ್ತ್ರಿ ಇನ್ನೂ ಅರಗಿಸಿಕೊಂಡಿರಲಿಲ್ಲ.

ಅಷ್ಟರಲ್ಲಿ ಅವಳೇ ಬಂದಳು. ಮೈಮೇಲೆ ಶೋರೂಮಿನ ನೀಲಿ ಕೋಟು.

"ಮಾವ, ಒಂದು ಉಪಕಾರ ಮಾಡ್ಬೇಕು. ಇವತ್ತಿಗೆ ನನ್ನ ಮೂರು ತಿಂಗಳು ಮುಗೀತು. ಕೆಲಸ ಕಾಯಂ ಮಾಡೋದೋ, ಮನೆಗೆ ಕಳಿಸೋದೋ, ಯಜಮಾನ್ರು ಸಂಜೆ ಹೇಳ್ತಾರೆ. ಪಳಗಿದ ಸವಾರರನ್ನ ಕರ್ಕೊಂಡು ಬಂದು ಓಡ್ಸಿ ತೋರ್ಸು, ಅವರ ಅಭಿಪ್ರಾಯ ಬರೆಸ್ಕೋ, ಅದನ್ನ ನೋಡ್ತೀನಿ ಅಂದಿದ್ದಾರೆ."

"ನನ್ನ ಅಭಿಪ್ರಾಯಾನ? ಬರೆಸ್ಕೊಂಡ್ರೆ ಕಾಗದ ಹೊತ್ತಿ ಉರಿಯುತ್ತೆ."

"ಉರೀಲಿ. ಸುಳ್ಳು ಬರಿ ಅಂತ ನಾನೆಲ್ಲಿ ಹೇಳ್ದೆ? ಬಂದು ಕೂತು, ಓಡ್ಸಿ, ಆಮೇಲೆ ಬೈ. ಓಡಿಸ್ದೇ ಬೈಯೋದು ನಿನಗೂ ಶೋಭೆ ಅಲ್ಲ."

ಮೇಸ್ತ್ರಿ ಕೈ ಒರೆಸಿಕೊಂಡು ಎದ್ದ. ತಮಾಷೆ ನೋಡಲು ವಕೀಲರು, ಕೊರಿಯರಿನವನು ಇಬ್ಬರೂ ಎದ್ದರು. ವಕೀಲರು ತಮ್ಮ ಹೊಸ ಗಾಡಿಯನ್ನು ತಳ್ಳಿಕೊಂಡೇ ಬಂದು ಶೋರೂಮಿನ ಮುಂದೆ, ಎಲ್ಲರಿಗೂ ಕಾಣುವ ಹಾಗೆ ನಿಲ್ಲಿಸಿದರು.

ಓಡಿಸಲು ಕೊಡುವ ಗಾಡಿ ಹೊರಗೆ ನಿಂತಿತ್ತು. ಮೇಸ್ತ್ರಿ ಅದನ್ನೊಂದು ಸುತ್ತು ಹಾಕಿದ.

"ಸೈಲೆನ್ಸರ್ ಎಲ್ಲಿ? ಇಲ್ಲ. ಗೇರ್ ಎಲ್ಲಿ? ಇಲ್ಲ. ಕ್ಲಚ್? ಅದೂ ಇಲ್ಲ. ಎಲ್ಲ ಬಿಟ್ಟ ಸನ್ಯಾಸಿ ಇದು, ಇದಕ್ಕೆ ರಸ್ತೇಲಿ ಏನ್ ಕೆಲಸ?"

ಹುಡುಗಿ ಅವನು ಕೂರುವ ಮುನ್ನ ಸೀಟಿನ ಮೇಲಿನ ಧೂಳನ್ನು ತನ್ನ ಕೋಟಿನ ತೋಳಿನಿಂದಲೇ ಒರೆಸಿದಳು. "ಮಾವ, ಮೊದಲು ಪಾಠ ಕೇಳು. ಪಾಠ ಮುಗಿಯೋ ತನಕ ಯಾರಿಗೂ ಕೀ ಕೊಡಬಾರದು ಅಂತ ನಮ್ಮಲ್ಲಿ ನಿಯಮ."

"ನಿನ್ನಮ್ಮನ ಮದುವೆಗೆ ಮುಂಚಿಂದ ಗಾಡಿ ಓಡಿಸ್ತಿದೀನಿ. ನನಗೆ ಪಾಠ! ಕೊಡೇ ಇಲ್ಲಿ."

ಅವಳು ಒಂದು ಗಳಿಗೆ ತಡೆದಳು. ಬೇರೆ ಯಾರೇ ಆಗಿದ್ದರೂ ಕೊಡುತ್ತಿರಲಿಲ್ಲ. ಕೊಟ್ಟಳು. ಅವನು ಕೂತು ಸ್ಟ್ಯಾಂಡ್ ಒದ್ದು ಮೇಲಕ್ಕೆ ಹಾಕಿದ, ಕೀ ತಿರುಗಿಸಿದ, ಅವಳು ತೋರಿಸಿದ ಗುಂಡಿ ಒತ್ತಿದ. ಏನೂ ಆಗಲಿಲ್ಲ. ಸದ್ದಿಲ್ಲ, ನಡುಕವಿಲ್ಲ. ಪರದೆಯ ಮೂಲೆಯಲ್ಲೊಂದು ಹಸಿರು ಚುಕ್ಕೆ ಮೂಡಿದ್ದನ್ನು ಅವನು ನೋಡಲಿಲ್ಲ. ನೋಡುವ ಅಭ್ಯಾಸವೇ ಇರಲಿಲ್ಲ.

"ಶುರುವಾಗಿದೆ ಮಾವ, ತಿರುವಬೇಡ—"

"ಶುರುವಾಗಿದ್ಯಂತೆ! ಕೇಳಿದ್ರಾ ವಕೀಲ್ರೇ?" ಎನ್ನುತ್ತಾ ಅವನು ಬೆನ್ನ ಹಿಂದಿದ್ದವರ ಕಡೆ ತಿರುಗಿದ.

ಪೆಟ್ರೋಲ್ ಗಾಡಿಯ ಮೇಲೆ ಬೆಳೆದವರ ಬಲಗೈಗೆ ಒಂದು ಚಟವಿರುತ್ತದೆ. ಕೂತೊಡನೆ, ಗೇರು ಹಾಕುವ ಮುನ್ನ, ನಿಂತಲ್ಲೇ ಹಿಡಿ ತಿರುವಿ ಎರಡು ಸಲ ರೇಸು ಕೊಡುವುದು. ಇಂಜಿನ್ನು ಗುರ್ ಗುರ್ ಎಂದು ಮಾತಾಡುತ್ತದೆ, ಗಾಡಿ ಕದಲುವುದಿಲ್ಲ. ಪರಿಚಯದ ಮನೆಗೆ ಹೋದಾಗ ಬಾಗಿಲಲ್ಲೇ ಕೆಮ್ಮಿದಂತೆ ಅದು. ಮೇಸ್ತ್ರಿಯ ಮುಖ ವಕೀಲರ ಕಡೆಗಿತ್ತು. ಕೈ ತನ್ನ ಪಾಡಿಗೆ ತಾನು ರೇಸು ಕೊಟ್ಟಿತು. ಜೋರಾಗಿಯೇ ಕೊಟ್ಟಿತು.

ಸತ್ತಿದೆ ಎಂದುಕೊಂಡಿದ್ದ ಗಾಡಿ ಹಗ್ಗ ಹರಿದ ಕರುವಿನಂತೆ ನೆಗೆಯಿತು. ಬಾಗಿಲ ಬಳಿಯ ಹೂಕುಂಡ ಉರುಳಿತು, ವಕೀಲರ ಹೊಸ ಗಾಡಿ ಅದರ ಮೇಲೆ ಮಗುಚಿತು, ಮೇಸ್ತ್ರಿ ಎರಡು ಗಾಡಿಗಳ ನಡುವೆ ಮಣ್ಣಲ್ಲಿ ಕೂತಿದ್ದ.

ಒಳಗಿನಿಂದ ಯಜಮಾನರು ಓಡಿ ಬಂದರು. ಒರಟು ಮನುಷ್ಯ ಎಂದು ಬೀದಿಗೆಲ್ಲ ಹೆಸರು. ಬಂದವರು ಗಾಡಿಯತ್ತ ಕಣ್ಣೂ ಹಾಯಿಸದೆ, ಮಂಡಿಯೂರಿ ಮೇಸ್ತ್ರಿಯ ಮೊಣಕಾಲು ಒತ್ತಿ ನೋಡಿದರು. "ಮಡಚಿ. ನೋವಾಗುತ್ತಾ? ಇಲ್ವಲ್ಲ?" ಅದಾದ ಮೇಲೆಯೇ ಎದ್ದು ನಿಂತು ಹುಡುಗಿಯ ಕಡೆ ತಿರುಗಿದರು. ದನಿ ಬದಲಾಯಿತು.

"ಹೇಗಾಯ್ತು?"

"ನನ್ನದೇ ತಪ್ಪು ಸರ್," ಎಂದಳು ಅವಳು. "ಗಾಡಿ ಆನ್ ಆಗಿದೆ ಅಂತ ನಾನು ಹೇಳಲಿಲ್ಲ."

"ನನ್ನ ಗಾಡೀನೂ ಅಡ್ಡಾದಿಡ್ಡಿ ನಿಲ್ಲಿಸ್ಬಿಟ್ಟಿದ್ದೆ ನೋಡಿ," ಎಂದರು ವಕೀಲರು. ಮುರಿದ ಕನ್ನಡಿ ಅವರ ಕೈಯಲ್ಲೇ ಇತ್ತು.

"ಇಳಿಜಾರು ಬೇರೆ," ಎಂದ ಕೊರಿಯರಿನವನು. ಆ ಬೀದಿಯಲ್ಲಿ ಗೋಲಿ ಬಿಟ್ಟರೂ ಉರುಳುವಷ್ಟು ಇಳಿಜಾರಿರಲಿಲ್ಲ.

ಮೇಸ್ತ್ರಿ ಪ್ಯಾಂಟು ಕೊಡವಿಕೊಳ್ಳುತ್ತಾ ಎಲ್ಲವನ್ನೂ ಕೇಳಿಸಿಕೊಂಡ. ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗದಂತೆ ಮೂವರೂ ಸೇರಿ ನೋಡಿಕೊಳ್ಳುತ್ತಿದ್ದರು. ಅವನು ಸುಮ್ಮನಿದ್ದರೆ ಸಾಕಿತ್ತು. "ಇದಕ್ಕೇ ನಾನು ಇದನ್ನ ಗಾಡಿ ಅಲ್ಲ ಅನ್ನೋದು" ಎಂದು ಒಂದು ಮಾತು ಒಗೆದಿದ್ದರೆ ಬೆಂಚು ಇನ್ನೊಂದು ವರ್ಷ ಅದನ್ನೇ ಹೇಳಿ ನಗುತ್ತಿತ್ತು. ಆ ಮಾತು ನಾಲಗೆಯ ತುದಿಗೂ ಬಂದಿತ್ತು.

ಯಜಮಾನರು ಹೇಳುತ್ತಿದ್ದರು: "ಹೇಳಲಿಲ್ಲ ಅಂದ್ರೆ ಏನಮ್ಮಾ ಅರ್ಥ? ನಿನ್ನ ಕೆಲಸವೇ ಅದಲ್ವಾ? ಇವತ್ತೇ ಹೀಗಾದ್ರೆ ನಾಳೆ ನಾನು ಯಾವ ಧೈರ್ಯದ ಮೇಲೆ ನಿನ್ನ ಇಟ್ಕೊಳ್ಲಿ?"

ಹುಡುಗಿ ತಲೆ ತಗ್ಗಿಸಲಿಲ್ಲ, ವಾದಿಸಲೂ ಇಲ್ಲ. ಕೋಟಿನ ಗುಂಡಿಗೆ ಕೈ ಹಾಕಿ ನಿಂತಿದ್ದಳು, ಈಗಲೇ ಬಿಚ್ಚಿಕೊಡಬೇಕೇನೋ ಎಂಬಂತೆ.

"ಅವಳು ಸುಳ್ಳು ಹೇಳ್ತಿದಾಳೆ," ಎಂದ ಮೇಸ್ತ್ರಿ.

"ಮಾವ, ಬಿಡು—"

"ನೀನು ಬಾಯ್ಮುಚ್ಚು. ಯಜಮಾನ್ರೇ, ಪಾಠ ಕೇಳು ಅಂದ್ಳು, ನಾನು ಕೇಳಲಿಲ್ಲ. ನಿಯಮ ಅಂದ್ಳು, ಗದರಿಸಿ ಕೀ ಇಸ್ಕೊಂಡೆ. ಶುರುವಾಗಿದೆ, ತಿರುವಬೇಡ ಅಂತಾನೂ ಅಂದ್ಳು. ಇವರಿಬ್ಬರೂ ಕೇಳಿದಾರೆ. ವಕೀಲ್ರು ಕೋರ್ಟಲ್ಲಿ ಹೇಳೋ ಸುಳ್ಳು ಸಾಲ್ದು ಅಂತ ಇಲ್ಲೂ ಹೇಳ್ತಾರೆ. ಇವನೊಬ್ಬ, ಇಳಿಜಾರಂತೆ! ಇಳಿದಿದ್ದು ನನ್ನ ಬುದ್ಧಿ ಕಣೋ. ನಿಮ್ಮ ಗಾಡಿ ಬಗ್ಗೆ ನನಗೆ ಎಳ್ಳಷ್ಟೂ ಗೌರವ ಇಲ್ಲ, ಬೇಕಾದ್ರೆ ಬರ್ಕೊಳ್ಳಿ. ಆದ್ರೆ ಅದು ತಿರುವಿದ ಕೈ ಹೇಳಿದ ಹಾಗೆ ಕೇಳ್ತು. ನಾನೇ ಯಾರ ಮಾತೂ ಕೇಳದವನು."

ಯಾರೂ ನಗಲಿಲ್ಲ. ಬೀದಿಯಾಚೆ ಬೆಂಚಿನ ಮೇಲಿದ್ದವರೂ ಎದ್ದು ನಿಂತು ನೋಡುತ್ತಿದ್ದರು. ಮೇಸ್ತ್ರಿಯ ಕಿವಿ ಕೆಂಪಾಗಿತ್ತು.

ಯಜಮಾನರು ಹುಡುಗಿಯನ್ನು ಕೇಳಿದರು: "ಹಾಗಾದ್ರೆ ನಿಯಮ ಮುರಿದು ಕೀ ಯಾಕೆ ಕೊಟ್ಟೆ?"

"ನಮ್ಮ ಮಾವ ಅಂತ ಕೊಟ್ಟೆ ಸರ್. ಕೊಡಬಾರದಿತ್ತು."

"ಇನ್ನೊಂದ್ಸಲ?"

"ನಮ್ಮಪ್ಪನೇ ಬಂದ್ರೂ ಕೊಡಲ್ಲ."

ಯಜಮಾನರು ಬಿದ್ದ ತಮ್ಮ ಗಾಡಿಯನ್ನು ಎತ್ತಿ ನಿಲ್ಲಿಸಿದರು. ಒಂದು ಗೀರು, ಬಾಗಿದ ಫುಟ್‌ರೆಸ್ಟು, ಅಷ್ಟೇ. "ಇವರಿಗೇ ಕಲಿಸಿ ತೋರ್ಸು," ಎಂದರು. "ಇವರಿಗೆ ಕಲಿಸೋಕೆ ಆದ್ರೆ ಊರಿಗೇ ಕಲಿಸಬಹುದು."

ಮೇಸ್ತ್ರಿ ಬೆಂಚಿನ ಕಡೆ ನೋಡಿದ, ಹುಡುಗಿಯ ಕಡೆ ನೋಡಿದ. ಮತ್ತೆ ಹತ್ತಿ ಕೂತ.

"ಬಲಗೈ ತೊಡೆ ಮೇಲೆ," ಎಂದಳು ಅವಳು. ದನಿಯಲ್ಲಿ ಸೊಸೆತನ ಚೂರೂ ಇರಲಿಲ್ಲ. ಅವನು ಇಟ್ಟ. "ನಾನು ಹೇಳೋ ತನಕ ತೆಗೀಬಾರದು."

ಕಾಲು ಗಂಟೆ ಪಾಠ ಕೇಳಿದ. ಎರಡು ಸಲ ತಪ್ಪು ಹೇಳಿದ, ಅವಳು ಮೊದಲಿನಿಂದ ಹೇಳಿಸಿದಳು. ವಕೀಲರು ಮುರಿದ ಕನ್ನಡಿಯನ್ನು ಜೇಬಿಗೆ ಹಾಕಿಕೊಂಡು ಬೆಂಚಿನವರಿಗೆ ಬೆನ್ನು ಮಾಡಿ, ಅಡ್ಡವಾಗಿ ನಿಂತರು. ದೊಡ್ಡ ಮೈಯವರು, ಅವರ ಮರೆಯಲ್ಲಿ ಆ ಕಡೆಯವರಿಗೆ ಹೆಚ್ಚೇನೂ ಕಾಣದು.

ಕೊನೆಗೆ ಅವಳು ಹಿಂದಿನ ಸೀಟಿಗೆ ಹತ್ತಿದಳು. ಗಾಡಿ ಮೆಲ್ಲಗೆ ಹೊರಟು ತಿರುವಿನ ಹತ್ತಿರ ಬಂತು.

"ಇಂಡಿಕೇಟರ್ ಹಾಕು."

"ಹಿಂದೆ ಯಾರೂ ಇಲ್ಲ, ಮುಂದೆ ಯಾರೂ ಇಲ್ಲ. ಯಾರಿಗೆ ಹಾಕ್ಲಿ, ನಾಯಿಗಾ?"

"ಮಾವ. ಹಾಕು ಅಂದೆ."

ಮೇಸ್ತ್ರಿ ಹಲ್ಲು ಕಡಿದ. ಹಾಕಿದ.