ಅಂಗೈಗೆಂದು ಕೊಟ್ಟ ಕ್ರೀಮು

ಓದಿದವರ ಬಾಯಿಗೆ ಬೀಗ ಇರಬೇಕು ಎಂದು ಸುಚಿತ್ರಾ ಈಗ ಹೇಳುತ್ತಾಳೆ. ಆಗ ಹೇಳುತ್ತಿರಲಿಲ್ಲ. ಆಗ ಅವಳ ಸಂಶೋಧನೆಯ ಬಗ್ಗೆ ಯಾರಾದರೂ ಒಂದು ಮಾತು ಕೇಳಿದರೆ ಸಾಕು, ತಟ್ಟೆಯಲ್ಲಿನ ಮುದ್ದೆ ಆರಿಹೋಗುತ್ತಿತ್ತು.

ಅವತ್ತು ಕೇಳಿದವಳು ಬೋರಮ್ಮ, ಅವಳ ಸೋದರತ್ತೆ. ತಾಯಿ ಸತ್ತ ಹುಡುಗಿಯನ್ನು ಕುಂಬಾರಕೊಪ್ಪಲಿನ ಎರಡು ಕೋಣೆಯ ಮನೆಯಲ್ಲಿಟ್ಟುಕೊಂಡು, ಊದುಬತ್ತಿ ಹೊಸೆದು ಓದಿಸಿದವಳು. ಸುಚಿತ್ರಾ ರಾಮಕೃಷ್ಣನಗರದಲ್ಲಿ ರೂಮು ಹಿಡಿದು ಲ್ಯಾಬಿಗೆ ಹೋಗತೊಡಗಿದ ಮೇಲೂ ಭಾನುವಾರದ ಊಟ ಮಾತ್ರ ಅತ್ತೆಯ ಮನೆಯಲ್ಲೇ.

“ಅದೇನ್ ಮಗ, ದಿನಾ ಆ ಲ್ಯಾಬಲ್ಲಿ ನೀನ್ ಮಾಡೋದು?”

“ಕೆಟ್ಟೋದ ಜೀವಕೋಶ ತಾನಾಗೇ ಸಾಯ್ಬೇಕು ಅತ್ತೆ. ‘ನಿನ್ ಕಾಲ ಮುಗೀತು’ ಅಂತ ಅದಕ್ಕೆ ಹೇಳೋದು ಒಂಥರಾ ಜಿಡ್ಡು. ಸೆರಮೈಡ್ ಅಂತ ಅದರ ಹೆಸರು. ಕೋಶದೊಳಗೆ ಅದು ಜಾಸ್ತಿ ಆದ್ರೆ, ಕೋಶಕ್ಕೆ ಶಕ್ತಿ ಕೊಡೋ ಭಾಗಕ್ಕೇ ತೂತು ಬೀಳ್ತದೆ. ಆಮೇಲೆ ಕೋಶ ತನ್ನನ್ನ ತಾನೇ ತುಂಡು ಮಾಡ್ಕೊಂಡು ಸದ್ದಿಲ್ದೆ ಹೋಗ್ಬಿಡ್ತದೆ.”

“ಕ್ಯಾನ್ಸರ್ ಗಡ್ಡೇಲೂ ಅಂಗೇನಾ?”

“ಅಲ್ಲಿ ಕೋಶ ಭಾರೀ ಕಿಲಾಡಿ. ಆ ಜಿಡ್ಡಿಗೆ ಸಕ್ಕರೆ ಅಂಟಿಸಿ ಬಾಯಿ ಮುಚ್ಚಿಸ್ತದೆ. ತಾನು ಬದುಕ್ಕೋತದೆ.”

“ಅದ್ರ ಮನೆ ಹಾಳಾಗ! ಯಮನ್ಗೇ ಸಕ್ಕರೆ ತಿನ್ಸಿ ಕಳಿಸ್ತದಾ?” ಎಂದಳು ಬೋರಮ್ಮ. ಸುಚಿತ್ರಾ ನಕ್ಕೂ ನಕ್ಕೂ ಬಿಕ್ಕಳಿಸಿದಳು.

ಇದ್ದಿಲ ಪುಡಿ ಕಲಸಿ, ಕಡ್ಡಿಗೆ ಹೊಸೆದು ಹೊಸೆದು ಬೋರಮ್ಮನ ಅಂಗೈ ಒಡೆದುಹೋಗಿತ್ತು. ಅದಕ್ಕೆಂದೇ ತಂದಿದ್ದ ಕ್ರೀಮಿನ ಟ್ಯೂಬನ್ನು ಸುಚಿತ್ರಾ ಹೊರಡುವಾಗ ಕೊಟ್ಟಳು. “ಇದರಲ್ಲೂ ಅದೇ ಸೆರಮೈಡ್ ಇದೆ ಕಣತ್ತೆ” ಎಂದಳು. ಸುಳ್ಳೇನಲ್ಲ. ತೊಗಲಿನ ಪಸೆ ಆರದಂತೆ ಕಾಯುವುದೂ ಅದೇ ಜಿಡ್ಡೇ. ಆದರೆ ಮೇಲೆ ಹಚ್ಚಿದ್ದು ಮೇಲಿನ ಸತ್ತ ಪದರದಲ್ಲೇ ನಿಲ್ಲುತ್ತದೆ, ಒಳಗಿನ ಯಾವ ಗಡ್ಡೆಯ ಕೂದಲನ್ನೂ ಅದು ಕೊಂಕಿಸುವುದಿಲ್ಲ. ಅಷ್ಟನ್ನು ಅವಳು ಹೇಳಲಿಲ್ಲ. ಬಸ್ಸಿಗೆ ಹೊತ್ತಾಗಿತ್ತು.

ಮುಂದಿನ ತಿಂಗಳು ಟ್ಯೂಬು ಮುಗಿದಿತ್ತು. ಅದರ ಮುಂದಿನ ತಿಂಗಳು ಇನ್ನೂ ಬೇಗ. ಒಂದು ಕಾಸಿನ ವಸ್ತುವನ್ನೂ ತನಗೆಂದು ಕೇಳದ ಅತ್ತೆ ಬಾಯಿಬಿಟ್ಟು ಕೇಳುತ್ತಿದ್ದಾಳಲ್ಲ ಎಂದು ಸುಚಿತ್ರಾ ಹಿಗ್ಗಿದಳು, ಎರಡೆರಡು ತಂದುಕೊಟ್ಟಳು. ಅತ್ತೆ ಕಾಫಿಗೆ ಸಕ್ಕರೆ ಹಾಕಿಕೊಳ್ಳುವುದನ್ನು ನಿಲ್ಲಿಸಿದ್ದನ್ನೂ ಕಂಡಳು. ವಯಸ್ಸಾಯಿತು, ಶುಗರಿಗೆ ಹೆದರಿರಬೇಕು ಅಂದುಕೊಂಡಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ಈ ಸಂಶೋಧಕಿಗೆ ಬೇಕಾಯಿತು. ಎಂಟು ತಿಂಗಳಾದ ಮೇಲೆ, ಆಷಾಢದ ಒಂದು ಭಾನುವಾರ, ಸಾರು ಬಡಿಸುತ್ತಿದ್ದ ಅತ್ತೆಯ ಕೈ, ಕ್ರೀಮು ಕೊಟ್ಟ ಮೇಲೆ ಮೊದಲ ಬಾರಿಗೆ, ಅವಳ ಕಣ್ಣಿಗೆ ಬಿತ್ತು. ಅದೇ ಕಪ್ಪು ಬಿರುಕು, ಅದೇ ಒಣಗಿದ ರಕ್ತ. ಹನ್ನೆರಡು ಟ್ಯೂಬು ಖಾಲಿಯಾಗಿದ್ದವು.

“ಅತ್ತೆ, ಕ್ರೀಮ್ ಎಲ್ಲಿಗೆ ಹಚ್ಕೋತಿದ್ದೀಯ?”

ಬೋರಮ್ಮ ಗೋಡೆ ನೋಡಿದಳು. ಊದುಬತ್ತಿಯ ಘಮದ ಅಡಿಯಲ್ಲಿ ಬೇರೆ ಒಂದು ವಾಸನೆ ಇತ್ತು. ಇಷ್ಟು ದಿನ ಅದು ತನ್ನ ಮೂಗಿಗೆ ಹೇಗೆ ಬೀಳಲಿಲ್ಲವೋ ಸುಚಿತ್ರಾಗೆ ತಿಳಿಯದು. ಅವಳೇ ಎದ್ದು ಬಾಗಿಲು ಹಾಕಿ ಅತ್ತೆಯ ಸೆರಗು ಸರಿಸಿದಳು. ಎಡ ಮೊಲೆ ಕಲ್ಲಿನಂತೆ ಗಟ್ಟಿಯಾಗಿ ಒಂದು ಕಡೆ ಬಾಯಿ ಬಿಟ್ಟಿತ್ತು. ಸುತ್ತ ಕ್ರೀಮು ಬೆಳ್ಳಗೆ, ಒಪ್ಪವಾಗಿ ಬಳಿದಿತ್ತು.

“ಎರಡೊತ್ತೂ ತಪ್ಪಿಸ್ದಂಗೆ ಹಚ್ಚಿವ್ನಿ ಕಣ್ ಮಗ. ಸಕ್ಕರೆನೂ ಬುಟ್ಬುಟ್ಟೆ.”

“ಯಾವಾಗಿಂದ ಅತ್ತೆ ಇದು?”

“ನೀನ್ ಮಾಡೋದೇನು ಅಂತ ಕೇಳ್ಲಿಲ್ವಾ, ಅವತ್ತಿಗೆ ನೆಲ್ಲಿಕಾಯಷ್ಟಿತ್ತು.”

ಹಾಗಾದರೆ ಅವತ್ತು ಆ ಮಾತು ಸುಮ್ಮನೆ ಬಂದದ್ದಲ್ಲ. ಬಾಯಿಬಿಟ್ಟು ಹೇಳಲಾರದ್ದನ್ನು ಅತ್ತೆ ಕೇಳಿ ತಿಳಿದುಕೊಳ್ಳಲು ನೋಡಿದ್ದಳು. ಇವಳು ಪಾಠ ಒಪ್ಪಿಸಿ, ನಕ್ಕು, ಬಸ್ಸು ಹತ್ತಿದ್ದಳು. ಸುಚಿತ್ರಾಗೆ ತನ್ನ ನಾಲಿಗೆಯನ್ನೇ ಕಿತ್ತುಕೊಳ್ಳುವಷ್ಟು ಹೇಸಿಗೆಯಾಯಿತು.

ಆಸ್ಪತ್ರೆಯ ಡಾಕ್ಟರು ಅನಂತಪದ್ಮನಾಭ ಮಾತು ನುಂಗುವವರಲ್ಲ. “ಎಂಟು ತಿಂಗಳ ಹಿಂದೆ ತಂದಿದ್ರೆ ತೆಗೆದು ಹಾಕ್ಬಹುದಿತ್ತಮ್ಮ. ಈಗ ಲಿವರಿಗೂ ಹೋಗಿದೆ, ಬೆನ್ನುಮೂಳೆಗೂ ಹೋಗಿದೆ” ಎಂದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಔಷಧಿ ಏರಿಸಿದರು. ಅದು ಗಡ್ಡೆಯನ್ನು ಬಿಟ್ಟು ಬೋರಮ್ಮನ ಕೂದಲನ್ನೂ ಅನ್ನವನ್ನೂ ಕಿತ್ತುಕೊಂಡಿತು.

“ನಿನ್ ಔಷ್ದಿ ಕೆಟ್ಟದ್ದಲ್ಲ ಕಣ್ ಮಗ” ಎಂದಳು ಅವಳು ಹಾಸಿಗೆಯಲ್ಲಿ. “ನಾನೇ ಕಮ್ಮಿ ಹಚ್ಬುಟ್ಟೆ ಅನ್ನಿಸ್ತದೆ.”

ಅದಕ್ಕಿಂತ ಕೆನ್ನೆಗೆರಡು ಬಾರಿಸಿದ್ದರೆ ಸುಚಿತ್ರಾ ತಡೆದುಕೊಳ್ಳುತ್ತಿದ್ದಳು. ಇತ್ತ ಲ್ಯಾಬಿನಲ್ಲಿ ಅವಳು ಸೆರಮೈಡ್ ಹಾಕಿದ ಕೋಶಗಳು ಗಾಜಿನಡಿ ಸುಕ್ಕಿ, ಗುಳ್ಳೆಗುಳ್ಳೆಯಾಗಿ, ಹೇಳಿದ ಮಾತು ಕೇಳಿ ಸಾಯುತ್ತಿದ್ದವು. ಅವನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ದಸರೆಗೆ ಎರಡು ವಾರ ಇರುವಾಗ ಬೋರಮ್ಮ ತೀರಿಕೊಂಡಳು.

ಹನ್ನೊಂದನೆಯ ದಿನದ ತಿಥಿ. ಊಟ ಮುಗಿದು ಬಂದವರೆಲ್ಲ ಹೊರಟರೂ ಪಕ್ಕದ ಮನೆಯ ಚಾಮುಂಡೇಶ್ವರಿ ಎಲೆ ಎತ್ತುವ ನೆಪದಲ್ಲಿ ಉಳಿದಳು. ಬೋರಮ್ಮನ ಜೊತೆ ಕೂತು ಊದುಬತ್ತಿ ಹೊಸೆಯುತ್ತಿದ್ದವಳು, ಇನ್ನೂ ನಲವತ್ತು ತುಂಬಿಲ್ಲ. ಸೆರಗಿನ ಗಂಟು ಬಿಚ್ಚಿ, ಹಿಂಡಿ ಹಿಂಡಿ ಚಪ್ಪಟೆಯಾದ ಟ್ಯೂಬೊಂದನ್ನು ತೆಗೆದಳು.

“ನಿಮ್ಮತ್ತೆ ಆಸ್ಪತ್ರೆಗೋಗೋ ಮುಂಚೆ ಕೊಟ್ಟಿದ್ರು ಕಣಮ್ಮ. ಇನ್ನೊಂದ್ ಸಿಗ್ತದಾ?”

ಸುಚಿತ್ರಾ ಟ್ಯೂಬು ಮುಟ್ಟಲಿಲ್ಲ. ಚಾಮುಂಡೇಶ್ವರಿಯ ಎರಡೂ ಕೈ ಹಿಡಿದು ಅಂಗೈ ಮೇಲೆ ಮಾಡಿದಳು. ಕಪ್ಪು ಬಿರುಕು. ಹೆಬ್ಬೆರಳ ಬುಡದಲ್ಲಿ ಒಣಗಿದ ರಕ್ತ.

“ಎಷ್ಟು ದಪ್ಪ ಇದೆ ಚಾಮುಂಡಕ್ಕ?”

ಚಾಮುಂಡೇಶ್ವರಿ ಕೈ ಕಿತ್ತುಕೊಂಡು ಸೆರಗು ಎಳೆದುಕೊಂಡಳು. “ಏನಿಲ್ಲ ಬುಡಮ್ಮ, ಹುಣಿಸೆಬೀಜದಷ್ಟು. ‘ನಂದು ದೊಡ್ಡದಾಗಿತ್ತು, ಅದ್ಕೇ ಕೇಳ್ಲಿಲ್ಲ, ನೀನು ಸಣ್ಣದಿರುವಾಗ್ಲೇ ಹಚ್ಕೋ’ ಅಂದಿದ್ರು ಬೋರಕ್ಕ.”

ಈ ಸಲ ಸುಚಿತ್ರಾ ಜೀವಕೋಶದ ಸುದ್ದಿ ಎತ್ತಲಿಲ್ಲ, ಜಿಡ್ಡಿನ ಸುದ್ದಿಯನ್ನೂ ಎತ್ತಲಿಲ್ಲ. ಎಂಜಲು ಕೈಯನ್ನೂ ತೊಳೆಯಬಿಡದೆ ಅವಳ ಮಣಿಕಟ್ಟು ಹಿಡಿದು ಬೀದಿಗೆ ಎಳೆದುಕೊಂಡು ಹೋದಳು. ಆಟೋ ನಿಂತಿತು.

“ಎಲ್ಲಿಗಮ್ಮ?”

“ಕ್ಯಾನ್ಸರ್ ಆಸ್ಪತ್ರೆಗೆ” ಎಂದಳು, ಬೀದಿಗೆಲ್ಲ ಕೇಳುವ ಹಾಗೆ.